ಹಳ್ಳ ದಾಟುವ ಗಾಡಿಗೆ ಆಕ್ಸಲ್ ಬ್ರೀದರ್ ಎತ್ತರದಲ್ಲಿರಲಿ

ಮಳೆಗಾಲದಲ್ಲಿ ಜಿಪ್ಸಿ ಅಥವಾ ಹಳೆಯ ಥಾರ್‌ನಲ್ಲಿ ಹಳ್ಳ ದಾಟುವ ಅಭ್ಯಾಸವಿರುವವರು ಆಕ್ಸಲ್‌ನ ಮೇಲಿರುವ ಬ್ರೀದರ್‌ಗೆ, ಅಂದರೆ ಒಳಗಿನ ಗಾಳಿ ಆಡಲು ಇರುವ ಸಣ್ಣ ಕಿಂಡಿಗೆ, ಆಯಿಲ್ ತಾಗಿದರೂ ಹಾಳಾಗದ ರಬ್ಬರ್ ಹೋಸ್ ಜೋಡಿಸಿ, ಅದರ ಇನ್ನೊಂದು ತುದಿಯನ್ನು ಬಾನೆಟ್ಟಿನೊಳಗೆ ಸಾಧ್ಯವಾದಷ್ಟು ಎತ್ತರದಲ್ಲಿ, ಬಾಯಿ ಕೆಳಮುಖವಾಗಿರುವಂತೆ ಕಟ್ಟಿಕೊಳ್ಳುವುದು ಒಳ್ಳೆಯದು. ಓಡಿ ಬಿಸಿಯಾದ ಡಿಫರೆನ್ಷಿಯಲ್ (ಆಕ್ಸಲ್‌ನಲ್ಲಿರುವ, ಚಕ್ರಗಳನ್ನು ತಿರುಗಿಸುವ ಗೇರ್‌ಗಳ ಗೂಡು) ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳತೊಡಗುತ್ತದೆ. ಬ್ರೀದರ್ ನೀರಿನಲ್ಲಿ ಮುಳುಗಿದ್ದರೆ ಅಥವಾ ಕೆಸರಿನಿಂದ ಕಟ್ಟಿಕೊಂಡಿದ್ದರೆ ಅಲ್ಲಿಂದಲೋ ಆಯಿಲ್ ಸೀಲ್‌ಗಳ ಅಂಚಿನಿಂದಲೋ ನೀರು ಒಳನುಗ್ಗುತ್ತದೆ, ಹೋಸ್ ಇದ್ದರೆ ಬರಿಯ ಗಾಳಿ ಬರುತ್ತದೆ. ಹೋಸ್‌ನ ಅಳತೆ ನಿಮ್ಮ ಬ್ರೀದರ್‌ಗೆ ಸರಿಹೊಂದಬೇಕು, ತುದಿಗೆ ಸಣ್ಣ ಪೆಟ್ರೋಲ್ ಫಿಲ್ಟರ್ ಹಾಕಿದರೆ ಧೂಳು ಹೋಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಚಕ್ರ ಪೂರ್ತಿ ಕೆಳಗಿಳಿದಾಗಲೂ ಹೋಸ್ ಬಿಗಿಯಾಗದಷ್ಟು ಸಡಿಲವಿರಬೇಕು, ಆದರೆ ನಡುವೆ ಎಲ್ಲಿಯೂ ಜೋತುಬೀಳಬಾರದು, ಏಕೆಂದರೆ ಆ ತಗ್ಗಿನಲ್ಲಿ ಆಯಿಲ್ ನಿಂತರೆ ದಾರಿ ಮುಚ್ಚಿದಂತೆಯೇ. ಸೈಲೆನ್ಸರ್ ಪೈಪಿನಿಂದಲೂ ದೂರವಿರಲಿ. ಸೀಲ್‌ಗಳು ಸವೆದಿದ್ದರೆ ಈ ಉಪಾಯ ಕೆಲಸ ಮಾಡದು, ನೀರಿನಲ್ಲಿ ಗಾಡಿ ಸಿಕ್ಕಿ ಬಹಳ ಹೊತ್ತು ನಿಂತರೂ ಭರವಸೆಯಿಲ್ಲ. ಇದರಿಂದ ಇನ್ನೂ ಆಳದ ನೀರಿಗೆ ಇಳಿಯಬಹುದೆಂದು ದಯವಿಟ್ಟು ಭಾವಿಸಬೇಡಿ, ಎಂಜಿನ್ ಗಾಳಿ ಎಳೆಯುವ ಬಾಯಿ ಇದ್ದಲ್ಲಿಯೇ ಇರುತ್ತದೆ. ದೊಡ್ಡ ಹಳ್ಳ ದಾಟಿ ಬಂದ ಮೇಲೆ ಡಿಫರೆನ್ಷಿಯಲ್‌ಗೆ ಆಯಿಲ್ ತುಂಬುವ ಫಿಲ್ಲರ್ ಪ್ಲಗ್ ಬಿಚ್ಚಿ ಗೇರ್ ಆಯಿಲ್ ನೋಡಿ. ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ತಡಮಾಡದೆ ಬದಲಾಯಿಸಿ, ಹಾಗೆಯೇ ಓಡಿಸಿದರೆ ಬೇರಿಂಗ್‌ಗಳು ತುಕ್ಕು ಹಿಡಿಯುತ್ತವೆ.