ಸಪೂರ ಪೆನ್ನಿಗೆ ತೂತು: ನಡುವಿನಿಂದ ಕೊರೆಯಿರಿ, ತುದಿ ಮಟ್ಟ ಮಾಡಿ

ಪೆನ್ನು ಕಡೆಯಲು ಹೊರಟವರು ಮೊದಲು ಕೇಳುವುದು ಒಂದೇ: ತೂತು ಮರದ ತುಂಡಿನ ಸರಿಮಧ್ಯದಲ್ಲೇ ಬರುವಂತೆ ಕೊರೆಯುವುದು ಹೇಗೆ? ನನ್ನ ಲೆಕ್ಕದಲ್ಲಿ ಅದು ಎರಡನೆಯ ಪ್ರಶ್ನೆ. ತೂತಿನೊಳಗೆ ಪೆನ್ನಿನ ಹಿತ್ತಾಳೆ ಕೊಳವೆ ಅಂಟಿಸಿದ ಮೇಲೆ ಲೇತಿನಲ್ಲಿ ಮರ ಸುತ್ತುವುದು ಆ ಕೊಳವೆಯ ಸುತ್ತ. ಹೊರಗಿನ ಚೌಕವೆಲ್ಲ ಹೊಟ್ಟಾಗಿ ಉದುರಿಹೋಗುತ್ತದೆ. 19 ಮಿ.ಮೀ. ಚೌಕದ ತುಂಡಿನಲ್ಲಿ 7 ಮಿ.ಮೀ. ತೂತು ಕೊರೆದರೆ ಸುತ್ತ 6 ಮಿ.ಮೀ. ಮರ ಉಳಿಯುತ್ತದೆ. ಡ್ರಿಲ್ ಮೇಜು ಒಂದು ಡಿಗ್ರಿ ಓರೆಯಿದ್ದರೂ 57 ಮಿ.ಮೀ. ಆಳಕ್ಕೆ ತೂತು ಸರಿಯುವುದು ಸುಮಾರು 1 ಮಿ.ಮೀ. ಮಾತ್ರ. ಸ್ಲಿಮ್‌ಲೈನ್ ಪೆನ್ನಿನಲ್ಲಿ (ನಡುವೆ ಉಂಗುರವಿರುವ, ಎರಡು ತುಂಡಿನ ಸಪೂರ ಪೆನ್ನು) ಕೊನೆಗೆ ಉಳಿಯಬೇಕಾದ ಮರದ ದಪ್ಪ, ಬುಶ್ (ಎಷ್ಟು ದಪ್ಪಕ್ಕೆ ಕಡೆಯಬೇಕೆಂದು ತೋರಿಸಲು ತುಂಡಿನ ತುದಿಗೆ ಕೂರಿಸುವ ಲೋಹದ ಬಳೆ) ಹತ್ತಿರ ಸುಮಾರು 0.7 ಮಿ.ಮೀ. ಅಂದಮೇಲೆ ಮರ ಸಾಲದೆ ಹೋಗುವ ಭಯವಿಲ್ಲ.

ಹಾಗಾದರೆ ಮಟ್ಟ ಎಲ್ಲಿ ಬೇಕು? ಎರಡು ಕಡೆ. ಮೇಲಿನ, ಕೆಳಗಿನ ತುಂಡುಗಳಲ್ಲಿ ಮರದ ಗೆರೆ ನಡುವಿನ ಉಂಗುರದ ಹತ್ತಿರ ಕೂಡಬೇಕು. ತುದಿಯ ಮುಖ ತೂತಿಗೆ ಮೂಲೆಮಟ್ಟವಾಗಿರಬೇಕು. ಕೈಕೊಡುವುದು ಹೆಚ್ಚಾಗಿ ಎರಡನೆಯದೇ.

ಮರ ಮೊದಲು. ಬೀಟೆ, ಹಲಸು, ಹುಣಸೆ ಮೂರೂ ಚೆನ್ನಾಗಿ ಕಡೆಯಲು ಬರುತ್ತವೆ. ಬೀಟೆಯನ್ನು ನಾನು ಪೀಠೋಪಕರಣ ಮಾಡುವವರಲ್ಲಿ ಉಳಿದ ಚೂರುಗಳಲ್ಲೇ ಆರಿಸುವುದು, ಬಿಲ್ ಸಮೇತ. ಈ ಮರದಲ್ಲಿ ಕಾಗದಪತ್ರ ಇಲ್ಲದ್ದಕ್ಕೆ ಕೈಹಾಕಬಾರದು. ಮಲೆನಾಡಿನ ದೊಡ್ಡ ತೊಂದರೆ ತೇವ. ಆಷಾಢದಲ್ಲಿ ಕೊರೆದ ತೂತು ನಾಲ್ಕು ದಿನದಲ್ಲಿ ಮೊಟ್ಟೆಯಾಕಾರಕ್ಕೆ ತಿರುಗಿ, ಕೊಳವೆ ಅರ್ಧಕ್ಕೇ ನಿಂತುಬಿಡುತ್ತದೆ. ತುಂಡುಗಳನ್ನು ಸೀಳಿ, ತುದಿಗೆ ಮೇಣ ಬಳಿದು, ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಹೊಗೆ ನೇರ ತಾಗದ ಕಡೆ ಇಡುತ್ತೇನೆ. ವಾರಕ್ಕೊಮ್ಮೆ ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ಮೂರು ವಾರ ಒಂದೇ ತೂಕ ಬಂದರೆ ಒಣಗಿತು ಎಂದು ಲೆಕ್ಕ. ಅಷ್ಟು ಕಾಯಲಾಗದಿದ್ದರೆ 6 ಮಿ.ಮೀ. ಬಿಟ್‌ನಲ್ಲಿ ಮೊದಲು ಕೊರೆದು ಒಣಗಲು ಬಿಟ್ಟು, ಆಮೇಲೆ ಮಾಮೂಲಿ 7 ಮಿ.ಮೀ. ಟ್ವಿಸ್ಟ್ ಬಿಟ್ ಇಳಿಸಿ. ನಡುವೆ ಮುಳ್ಳಿರುವ ಮರದ ಬಿಟ್ ಇಲ್ಲಿ ಬೇಡ, ಹಳೆಯ ತೂತಿನಲ್ಲಿ ಆ ಮುಳ್ಳಿಗೆ ಹಿಡಿತ ಸಿಗುವುದಿಲ್ಲ.

ನನ್ನ ಕಿಟ್‌ನ (ಪೆನ್ನಿನ ಬಿಡಿಭಾಗಗಳ ಪೊಟ್ಟಣ) ಕೊಳವೆ ಒಂದೊಂದೂ 53 ಮಿ.ಮೀ. ಉದ್ದ. ತುಂಡನ್ನು 130 ಮಿ.ಮೀ.ಗೆ ಕತ್ತರಿಸಿ, ಒಂದು ಮಗ್ಗುಲಲ್ಲಿ ಉದ್ದಕ್ಕೂ ಪೆನ್ಸಿಲ್ ಗೆರೆ ಎಳೆದು, ಸರಿಯಾಗಿ ನಡುವೆ ಬಾಣದ ಗುರುತು ಹಾಕುತ್ತೇನೆ. ತೆಳು ಹಲ್ಲಿನ ಗರಗಸದಲ್ಲಿ ಅಲ್ಲೇ ಎರಡು ಮಾಡಿ, ಎರಡೂ ತುಂಡುಗಳನ್ನು ಈಗಷ್ಟೇ ಕೊಯ್ದ ಮುಖದಿಂದ ಕೊರೆಯಬೇಕು. ಬಿಟ್ ಎಷ್ಟೇ ಅಲೆದರೂ ಅಲೆದಾಟ ಕಾಣಿಸುವುದು ದೂರದ ತುದಿಯಲ್ಲಿ; ಹೊರಟ ಕಡೆ ಎರಡೂ ತೂತು ಒಂದೇ ಗೆರೆಯ ಮೇಲಿರುತ್ತವೆ. ಹೊರತುದಿಯಿಂದ ಕೊರೆದರೆ ಇದು ತಿರುವುಮುರುವಾಗಿ, ಬೀಟೆಯ ಕಪ್ಪು ಗೆರೆ ನಡುವಿನ ಉಂಗುರದ ಬಳಿ ಮುರಿದಂತೆ ಕಾಣುತ್ತದೆ.

ಇನ್ನೊಂದು ಲಾಭವೂ ಇದೆ. ತುಂಡು 64 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಉದ್ದವಿರುತ್ತದೆ, ನಾನು ಕೊರೆಯುವುದು 57ಕ್ಕೆ. ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿರುತ್ತೇನೆ. ಬಿಟ್ ಆಚೆ ಹೊರಬರುವುದೇ ಇಲ್ಲವಾದ್ದರಿಂದ ಚಕ್ಕೆ ಹಾರುವುದಿಲ್ಲ. ಆಮೇಲೆ ಗರಗಸದಲ್ಲಿ 55ಕ್ಕೆ ಕತ್ತರಿಸಿದರೆ ತೂತು ತಾನೇ ತೆರೆದುಕೊಳ್ಳುತ್ತದೆ.

ಡ್ರಿಲ್ ಮೇಜಿನ ಮಟ್ಟ ನೋಡಲು ಮೂಲೆಮಟ್ಟಕ್ಕಿಂತ ಬಗ್ಗಿಸಿದ ತಂತಿ ವಾಸಿ. 3 ಮಿ.ಮೀ. ಗಟ್ಟಿ ತಂತಿಯನ್ನು ಬಗ್ಗಿಸಿ ಚಕ್‌ಗೆ ಕಚ್ಚಿಸಿ, ಕೈಯಲ್ಲೇ ನಿಧಾನ ತಿರುಗಿಸಿ. ನಾಲ್ಕೂ ದಿಕ್ಕಿನಲ್ಲಿ ಅದರ ತುದಿ ಒಂದೇ ಕಾಗದದ ಚೂರನ್ನು ಒಂದೇ ಬಿಗಿಯಲ್ಲಿ ಹಿಡಿದರೆ ಮೇಜು ಸರಿ. ತುಂಡನ್ನು ಹಿಡಿಯಲು ವಿ ಆಕಾರದ ತೋಡಿರುವ ಮರದ ಕಟ್ಟೆ ಸಾಕು, ತುಂಡಿನ ಒಂದು ಮೂಲೆ ಅದರಲ್ಲಿ ಕೂತರೆ ತೂತು ಆ ಅಂಚಿಗೆ ಸಮಾನಾಂತರವಾಗಿ ಬರುತ್ತದೆ. ಚೌಕ ಸ್ವಲ್ಪ ಸೊಟ್ಟಗಿದ್ದರೂ ಅಡ್ಡಿಯಿಲ್ಲ.

ವೇಗ ನಿಮಿಷಕ್ಕೆ 800ರಿಂದ 1000 ಸುತ್ತು. 10 ಮಿ.ಮೀ. ಇಳಿಸಿ, ಪೂರ್ತಿ ಹೊರಗೆಳೆದು, ಹೊಟ್ಟು ಒರೆಸಿ, ಮತ್ತೆ ಇಳಿಸಿ. ಬೀಟೆಯ ಹೊಟ್ಟಿಗೆ ಎಣ್ಣೆಯ ಗುಣವಿದೆ, ಬಿಟ್‌ನ ಕಾಲುವೆಯಲ್ಲಿ ಹೆಪ್ಪುಗಟ್ಟಿ ಕೂರುತ್ತದೆ. ಎಳೆಯದೆ ಒತ್ತಿದರೆ ಬಿಸಿಯೇರಿ ಮರ ಸೀಳುತ್ತದೆ, ಇಲ್ಲವೇ ತೂತು ಹಿಗ್ಗುತ್ತದೆ. ಬಿಟ್ ಅನ್ನು ಕೈಯಲ್ಲಿ ಸಾಣೆ ಹಿಡಿದಿದ್ದರೆ ಮೊದಲು ಬೇಡದ ಚೂರಿನಲ್ಲಿ ಕೊರೆದು ವರ್ನಿಯರ್‌ನಲ್ಲಿ ಅಳೆಯಿರಿ: ಎರಡು ಅಂಚು ಸಮವಿಲ್ಲದಿದ್ದರೆ 7ರ ಬಿಟ್ 7.2ರ ತೂತು ಕೊರೆಯುತ್ತದೆ.

ಬೈನೆಯದು ಬೇರೆಯೇ ಕಥೆ. ಕಪ್ಪು ನಾರು ಕಬ್ಬಿಣದಂತೆ, ನಡುವಿನ ತಿರುಳು ಬೆಂಡಿನಂತೆ. ಬಿಟ್ ಮೆತ್ತಗಿರುವ ಕಡೆಗೇ ಜಾರುತ್ತದೆ. ಕೊಯ್ದ ಮುಖಕ್ಕೆ ತೆಳುವಾದ ಫೆವಿಕ್ವಿಕ್ ಕುಡಿಸಿ, ಒಣಗಿದ ಮೇಲೆ ಗಿಡ್ಡ ಸೆಂಟರ್ ಡ್ರಿಲ್‌ನಲ್ಲಿ ಕುಳಿ ಮಾಡಿಕೊಂಡು ಕೊರೆದರೆ ಮಾತು ಕೇಳುತ್ತದೆ. ಅಡಿಕೆ ದಬ್ಬೆಗೂ ಇದೇ ಉಪಚಾರ.

ಕೊರೆದ ದಿನವೇ ಕೊಳವೆ ಅಂಟಿಸಬೇಕು. ಕೊಳವೆಯ ಹೊಳಪು ಹೋಗುವಂತೆ 150ರ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಅದರ ಬಾಯಿಯನ್ನು ಆಲೂಗಡ್ಡೆಯ ಬಿಲ್ಲೆಗೆ ಒತ್ತಿದರೆ ಬಿರಡೆಯಾಯಿತು, ಅಂಟು ಒಳಗೆ ಹೋಗದು. ಮಳೆಗಾಲದಲ್ಲಿ ನನ್ನ ಆಯ್ಕೆ ನಿಧಾನ ಗಟ್ಟಿಯಾಗುವ ಅರಾಲ್ಡೈಟ್. ಫೆವಿಕ್ವಿಕ್ ತೇವದ ಗಾಳಿಗೆ ಬೇಗ ಹಿಡಿದು, ಕೊಳವೆ ನಡುದಾರಿಯಲ್ಲೇ ಕಚ್ಚಿಕೊಳ್ಳುತ್ತದೆ. ತಿರುಗಿಸುತ್ತ ತಳ್ಳಿ, ಕೊಯ್ದ ಮುಖದಿಂದ ಅರ್ಧ ಮಿ.ಮೀ. ಒಳಗೆ ನಿಲ್ಲಿಸಿ.

ಮರುದಿನ ಪೆನ್ ಮಿಲ್. ಇದರ ಮೂತಿಯ ಸರಳು ಕೊಳವೆಯೊಳಗೆ ಕೂತು, ಸುತ್ತಲಿನ ಕಟರ್ ಮುಖವನ್ನು ಸವೆಸುತ್ತದೆ. ಒಳಗೆ ಒಂದು ಹನಿ ಅಂಟು ಉಳಿದಿದ್ದರೂ ಸರಳು ಓರೆಯಾಗಿ, ಮುಖವೂ ಓರೆ. ಹಾಗಾಗಿ ಮೊದಲು ಗುಂಡನೆಯ ಸಣ್ಣ ಅರದಲ್ಲಿ ಕೊಳವೆಯ ಒಳಮೈ ಕೆರೆದುಕೊಳ್ಳಿ. ಹಿತ್ತಾಳೆಯ ಅಂಚು ಸುತ್ತಲೂ ಮಿಂಚಿದ ಕ್ಷಣ ನಿಲ್ಲಿಸಿ. ಕೊಳವೆ ಗಿಡ್ಡವಾದರೆ ರೀಫಿಲ್ ಪೂರ್ತಿ ಒಳಗೆ ಹೋಗದೆ ಜೇಬಿಗೆ ಶಾಯಿ ಬಳಿಯುತ್ತದೆ.

ಕಡೆದ ಮೇಲೆ ಒಂದು ಬದಿ ಬುಶ್‌ಗೆ ಸಮ, ಎದುರು ಬದಿ ಉಬ್ಬು ಎಂದು ಬಂದರೆ ತೂತನ್ನು ದೂರಬೇಡಿ. ಮ್ಯಾಂಡ್ರೆಲ್‌ಗೆ (ತುಂಡುಗಳನ್ನು ಪೋಣಿಸಿ ಲೇತಿಗೆ ಏರಿಸುವ ಸರಳು) ಬರೀ ಬುಶ್‌ಗಳನ್ನು ಪೋಣಿಸಿ, ಟೇಲ್‌ಸ್ಟಾಕ್ (ಸರಳಿನ ಇನ್ನೊಂದು ತುದಿಗೆ ಆಸರೆ ಕೊಡುವ ಲೇತಿನ ಭಾಗ) ಹಗುರಾಗಿ ತಾಗಿಸಿ, ಪೆನ್ಸಿಲ್ ತುದಿಯನ್ನು ಬುಶ್ ಹತ್ತಿರ ಹಿಡಿದು ಕೈಯಲ್ಲಿ ತಿರುಗಿಸಿ. ಈಗಲೇ ಸಂದು ಹೆಚ್ಚುಕಡಿಮೆಯಾದರೆ ಸರಳು ಬಗ್ಗಿದೆ. ಟೇಲ್‌ಸ್ಟಾಕ್ ಒತ್ತಿದಾಗ ಶುರುವಾದರೆ ಒತ್ತಡ ಹೆಚ್ಚು. ಮರದ ತುಂಡು ಹಾಕಿ ನಟ್ ಬಿಗಿದಾಗ ಮಾತ್ರ ಕುಣಿದರೆ ಮುಖ ಓರೆಯಿದೆ: ಓರೆ ಮುಖ ಬುಶ್ ಅನ್ನು ಒಂದೇ ಮಗ್ಗುಲಿಗೆ ಒತ್ತಿ, 6 ಮಿ.ಮೀ. ಆಸುಪಾಸಿನ ಆ ಸಪೂರ ಸರಳನ್ನು ಬಿಲ್ಲಿನಂತೆ ಬಾಗಿಸುತ್ತದೆ. ನಟ್ ಬೆರಳ ಬಿಗಿಗೆ ಸಾಕು, ಇಕ್ಕಳ ಬೇಡ. ಮುಖ ಓರೆಯಿದ್ದರೆ ತುಂಡನ್ನು ಬಿಚ್ಚಿ ಪೆನ್ ಮಿಲ್‌ನಲ್ಲಿ ಎರಡು ಸುತ್ತು ಹಾಕಿ, ಆಮೇಲೆ ಮತ್ತೆ ಏರಿಸಿ.