ಟೆಂಟ್ ತೆರವಿಗೆ ಕೋರ್ಟ್ ಆದೇಶ: ಕೆನಡಾದಲ್ಲಿ ಅದರ ಮಿತಿ ಗುರುತಿಸುವುದು ಹೇಗೆ?

ಕೆನಡಾದ ಒಂದು ಊರಿನಲ್ಲಿ ಮನೆಯಿಲ್ಲದವರ ಟೆಂಟ್ ತೆಗೆಸಲು ಕೋರ್ಟ್ ಒಪ್ಪುತ್ತದೆ. ಇನ್ನೊಂದು ಊರಿನಲ್ಲಿ ‘ಆಗಲ್ಲ’ ಎನ್ನುತ್ತದೆ. ಸಂವಿಧಾನ ಒಂದೇ, ತೀರ್ಪು ಮಾತ್ರ ಬೇರೆ ಬೇರೆ. ಯಾಕೆ ಅಂತ ತಿಳಿಯಲು ಲಾಯರ್ ಆಗಿರಬೇಕಿಲ್ಲ. ತೀರ್ಪಿನ ಪ್ರತಿ ಕೈಗೆ ಸಿಕ್ಕರೆ ಕೆಳಗಿನ ಕ್ರಮದಲ್ಲಿ ಓದುತ್ತಾ ಹೋಗಿ.

ಮೊದಲೇ ಹೇಳಿಬಿಡುತ್ತೇನೆ, ಅಮೆರಿಕದ ಸುದ್ದಿಯನ್ನು ಇದಕ್ಕೆ ಬೆರೆಸಬೇಡಿ. 2024ರ ಜೂನ್ 28ರಂದು ಅಮೆರಿಕದ ಸುಪ್ರೀಂ ಕೋರ್ಟ್ ಗ್ರಾಂಟ್ಸ್ ಪಾಸ್ ಎಂಬ ಊರಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹೊರಗೆ ಮಲಗಿದವರಿಗೆ ದಂಡ ಹಾಕಿದರೆ ಅದು ಕ್ರೂರ ಶಿಕ್ಷೆಯಲ್ಲ ಎಂದಿತು. ಕೆನಡಾದಲ್ಲಿ ವಾದ ಮುಖ್ಯವಾಗಿ ನಡೆಯುವುದು ಶಿಕ್ಷೆಯ ಮೇಲಲ್ಲ. ಅಲ್ಲಿನ ಹಕ್ಕುಗಳ ಸನ್ನದಿನ, ಅಂದರೆ ಚಾರ್ಟರ್‌ನ, 7ನೇ ಕಲಮಿನ ಮೇಲೆ. ಜೀವ, ಸ್ವಾತಂತ್ರ್ಯ ಮತ್ತು ದೇಹದ ಸುರಕ್ಷತೆ ಅದರ ವಿಷಯ.

ಹಂತ 1: ಜಾಗ ಯಾರದ್ದು?

ಚಾರ್ಟರ್ ಕಟ್ಟಿಹಾಕುವುದು ಸರ್ಕಾರವನ್ನು. ನಗರಸಭೆಯೂ ಅದರಲ್ಲಿ ಸೇರುತ್ತದೆ. ಖಾಸಗಿ ಮಾಲೀಕ ತನ್ನ ನಿವೇಶನದಲ್ಲಿರುವ ಟೆಂಟ್ ತೆಗೆಸಿ ಅಂತ ಕೋರ್ಟಿಗೆ ಹೋದರೆ ಅದು ಬಹುಮಟ್ಟಿಗೆ ಅತಿಕ್ರಮಣದ ಕೇಸು. ಮುಂದಿನ ಹಂತಗಳ ಪ್ರಶ್ನೆಗಳು ಅಲ್ಲಿ ಅಷ್ಟಾಗಿ ಏಳುವುದಿಲ್ಲ.

ಹಂತ 2: ಮಧ್ಯಂತರ ಆದೇಶವೋ, ಅಂತಿಮ ಆದೇಶವೋ?

ಮಧ್ಯಂತರ ತಡೆಯಾಜ್ಞೆಗೆ, ಅಂದರೆ ಇಲ್ಲಿ ಕೇಸು ಮುಗಿಯುವ ಮುಂಚೆಯೇ ಟೆಂಟ್ ತೆಗೆಸುವ ಆದೇಶಕ್ಕೆ, ಕೆನಡಾದ ಸುಪ್ರೀಂ ಕೋರ್ಟ್ 1994ರಲ್ಲಿ ಮೂರು ಪ್ರಶ್ನೆ ಹಾಕಿಕೊಟ್ಟಿದೆ. ಕೇಸಿನಲ್ಲಿ ಹುರುಳಿದೆಯೇ? ಆದೇಶ ಕೊಡದಿದ್ದರೆ ಮತ್ತೆ ಸರಿಪಡಿಸಲಾಗದ ಹಾನಿ ಆಗುತ್ತದೆಯೇ? ಕೊಟ್ಟರೆ ಯಾರಿಗೆ ತೊಂದರೆ ಜಾಸ್ತಿ, ಕೊಡದಿದ್ದರೆ ಯಾರಿಗೆ ಜಾಸ್ತಿ?

ಇಲ್ಲಿ ನಗರಸಭೆಗೆ ಒಂದು ಅನುಕೂಲವಿದೆ. ಬೈಲಾ, ಅಂದರೆ ನಗರಸಭೆ ಮಾಡಿದ ಸ್ಥಳೀಯ ನಿಯಮ, ಮುರಿದಿದ್ದಾರೆ ಎಂದು ತೋರಿಸಿಬಿಟ್ಟರೆ, ಸಾಮಾನ್ಯವಾಗಿ ಜಡ್ಜ್ ಆದೇಶ ಕೊಡುವ ಕಡೆಗೇ ವಾಲುತ್ತಾರೆ. ಅದಕ್ಕೇ ಟೆಂಟಿನವರ ಪರ ಲಾಯರ್‌ಗಳು ‘ಆ ಬೈಲಾವೇ ಚಾರ್ಟರ್‌ಗೆ ವಿರುದ್ಧ’ ಅಂತ ವಾದ ಹೂಡುವುದು.

ಹಂತ 3: ಮನೆಯಿಲ್ಲದವರ ಶೆಲ್ಟರ್‌ಗಳಲ್ಲಿ ಹಾಸಿಗೆ ಎಷ್ಟಿವೆ? ಅವು ಯಾರಿಗೆ ಸಿಗುತ್ತವೆ?

ನಿಧಾನವಾಗಿ ಓದಬೇಕಾದ ಭಾಗ ಇದು. ಬಹಳಷ್ಟು ಕೇಸುಗಳು ನಿಲ್ಲುವುದೂ ಬೀಳುವುದೂ ಇಲ್ಲೇ.

ಇದರ ಬೇರು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವಿಕ್ಟೋರಿಯಾ ನಗರದಲ್ಲಿದೆ. 2005ರಲ್ಲಿ ಅಲ್ಲಿನ ಕ್ರಿಜ್ ಪಾರ್ಕಿನಲ್ಲಿ ಜನ ಟೆಂಟ್ ಹಾಕಿದರು. ತೆಗೆಸಲು ನಗರಸಭೆ ಕೋರ್ಟಿಗೆ ಹೋಯಿತು. ಅದರ ನಿಲುವು ವಿಚಿತ್ರವಾಗಿತ್ತು: ಪಾರ್ಕಿನಲ್ಲಿ ಮಲಗಿದರೆ ತಕರಾರಿಲ್ಲ, ಆದರೆ ಮೇಲೆ ಟಾರ್ಪಾಲು ಕಟ್ಟುವಂತಿಲ್ಲ. ಮಳೆ ಬಂದರೆ? ನೆನೆಯಬೇಕು, ಅಷ್ಟೇ. ಊರಿನಲ್ಲಿ ಮನೆಯಿಲ್ಲದವರು ಸಾವಿರಕ್ಕೂ ಹೆಚ್ಚು. ಶೆಲ್ಟರ್‌ಗಳಲ್ಲಿ ಕಾಯಂ ಹಾಸಿಗೆ 141. ಹವಾಮಾನ ತೀರಾ ಕೆಟ್ಟಾಗ 326ರವರೆಗೆ ಏರುತ್ತಿತ್ತು. ಹಾಸಿಗೆ ಸಾಲದಿರುವಾಗ ರಾತ್ರಿ ತಲೆ ಮೇಲೊಂದು ತಾತ್ಕಾಲಿಕ ಸೂರು ಕಟ್ಟಿಕೊಳ್ಳುವುದನ್ನು ತಡೆಯುವುದು 7ನೇ ಕಲಮಿಗೆ ವಿರುದ್ಧ ಎಂದು 2008ರಲ್ಲಿ ತೀರ್ಪು ಬಂತು. 2009ರಲ್ಲಿ ಮೇಲ್ಮನವಿ ಕೋರ್ಟ್ ಅದರ ತಿರುಳನ್ನು ಎತ್ತಿಹಿಡಿಯಿತು.

ಆಮೇಲೆ ಲೆಕ್ಕ ಇನ್ನಷ್ಟು ಬಿಗಿಯಾಯಿತು. 2023ರ ಜನವರಿಯಲ್ಲಿ ಒಂಟಾರಿಯೊ ಪ್ರಾಂತ್ಯದ ವಾಟರ್‌ಲೂ ಪ್ರಾದೇಶಿಕ ಆಡಳಿತದ ಅರ್ಜಿಯನ್ನು ಕೋರ್ಟ್ ತಳ್ಳಿಹಾಕಿತು. ಕಿಚನರ್ ಊರಿನ ಒಂದು ಖಾಲಿ ಜಲ್ಲಿ ನಿವೇಶನದಲ್ಲಿ ಸುಮಾರು 50 ಜನ ಇದ್ದರು. ಜಡ್ಜ್ ಹಾಸಿಗೆಗಳ ಸಂಖ್ಯೆ ಕೇಳಿ ಸುಮ್ಮನಾಗಲಿಲ್ಲ. ಆ ಹಾಸಿಗೆ ಈ ಮನುಷ್ಯನಿಗೆ ನಿಜಕ್ಕೂ ಸಿಗುತ್ತದೆಯೇ ಎಂದು ನೋಡಿದರು. ಗಂಡ ಹೆಂಡತಿ ಒಟ್ಟಿಗಿರಲು ಬಿಡದ ಶೆಲ್ಟರ್ ಆ ಜೋಡಿಗೆ ಇದ್ದೂ ಇಲ್ಲದಂತೆ. ವ್ಯಸನ ಬಿಡಲಾಗದವನಿಗೆ, ಹಿಂದೆ ಜಗಳವಾಗಿ ಹೊರಹಾಕಿಸಿಕೊಂಡವನಿಗೆ ಬಾಗಿಲು ಮುಚ್ಚಿದ್ದರೆ ಅವರಿಗೂ ಅಷ್ಟೇ.

ಹಾಗಾಗಿ ‘ನಮ್ಮಲ್ಲಿ ಹಾಸಿಗೆ ಖಾಲಿ ಇವೆ’ ಎಂಬ ನಗರಸಭೆಯ ಮಾತನ್ನು ಸುಮ್ನೆ ನಂಬಬೇಡಿ. ಯಾವ ಶರತ್ತಿನ ಮೇಲೆ ಖಾಲಿ ಎಂದು ತೀರ್ಪಿನಲ್ಲಿ ಹುಡುಕಿ. ನನ್ನ ಪ್ರಕಾರ ಇಡೀ ಕೇಸಿನಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ.

ಹಂತ 4: ರಾತ್ರಿಗೆ ಮಾತ್ರವೋ, ಹಗಲಿಗೂ ಸೇರಿಯೋ?

ಈ ಹಕ್ಕು ಜಾಗದ ಮೇಲಿನ ಹಕ್ಕಲ್ಲ. ಪಾರ್ಕ್ ನನ್ನದು ಅನ್ನಲು ಯಾರಿಗೂ ಆಗದು. ಬ್ರಿಟಿಷ್ ಕೊಲಂಬಿಯಾದ ಅಬಟ್ಸ್‌ಫರ್ಡ್ ನಗರದ 2015ರ ತೀರ್ಪಿನಲ್ಲಿ ಸಿಕ್ಕಿದ್ದು ಸಂಜೆ 7ರಿಂದ ಬೆಳಗ್ಗೆ 9ರವರೆಗೆ ಮಾತ್ರ. ಬೆಳಗಾದರೆ ಟೆಂಟ್ ಮಡಚಬೇಕು. ದಿನವಿಡೀ ಗಂಟುಮೂಟೆ ಹೊತ್ತು ತಿರುಗಬೇಕು. ಕಿಚನರ್ ತೀರ್ಪಿನಲ್ಲಿ ಮಾತ್ರ ಇಂಥ ಗಂಟೆಗಳ ಮಿತಿ ಹಾಕಲಿಲ್ಲ. ಅದು ಪಾರ್ಕೂ ಆಗಿರಲಿಲ್ಲ ಅನ್ನುವುದು ನೆನಪಿರಲಿ.

ಹಂತ 5: ಒಕ್ಕಲೆಬ್ಬಿಸುವ ಮುಂಚೆ ಅವರ ಮಾತು ಕೇಳಿದರಾ?

ಅರ್ಜಿಯಲ್ಲಿ ಎದುರುದಾರರ ಹೆಸರಿನ ಜಾಗದಲ್ಲಿ ಎಷ್ಟೋ ಸಲ ‘ಅಪರಿಚಿತ ವ್ಯಕ್ತಿಗಳು’ ಎಂದಿರುತ್ತದೆ. ಹಾಗಿದ್ದರೆ ನೋಟಿಸ್ ಹೇಗೆ ತಲುಪಿತು ಎಂದು ನೋಡಿ. 2022ರ ಜನವರಿಯಲ್ಲಿ ವ್ಯಾಂಕೂವರ್‌ನ ಕ್ರಾಬ್ ಪಾರ್ಕ್ ವಿಚಾರದಲ್ಲಿ ಪಾರ್ಕ್ ಮಂಡಳಿಯ ಆದೇಶವೇ ರದ್ದಾಯಿತು. ಅಲ್ಲಿದ್ದವರಿಗೆ ಸರಿಯಾಗಿ ತಿಳಿಸಿ, ಅವರ ಮಾತು ಕೇಳಿಲ್ಲ ಎಂಬುದೇ ಕಾರಣ.

ಹಂತ 6: ತಾರೀಖು ನೋಡಿ

ಇಂಥ ಆದೇಶ ಆ ಹೊತ್ತಿನ ಪರಿಸ್ಥಿತಿಗೆ ಅಂಟಿಕೊಂಡಿರುತ್ತದೆ. 2016ರಲ್ಲಿ ವಿಕ್ಟೋರಿಯಾ ಕೋರ್ಟಿನ ಅಂಗಳದಲ್ಲೇ ಕ್ಯಾಂಪ್ ಬೆಳೆದಿತ್ತು. ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಹಿಂಕ್ಸನ್ ಕ್ಯಾಂಪ್ ತೆಗೆಸುವ ತಡೆಯಾಜ್ಞೆ ಕೊಡಲಿಲ್ಲ. ಜುಲೈನಲ್ಲಿ ಅವರೇ ಕೊಟ್ಟರು. ಅಷ್ಟರಲ್ಲಿ ಬೆಂಕಿಯ ಅಪಾಯ, ನೆರೆಯವರ ಗೋಳು ಹೆಚ್ಚಿತ್ತು. ಪ್ರಾಂತ್ಯ ಸರ್ಕಾರ ಬೇರೆ ವಸತಿಯನ್ನೂ ಹೊಂದಿಸಿತ್ತು.

ಉಲ್ಟಾ ಕೂಡ ಆಗುತ್ತದೆ. 2021ರ ಅಕ್ಟೋಬರ್‌ನಲ್ಲಿ ಪ್ರಿನ್ಸ್ ಜಾರ್ಜ್ ನಗರದ ‘ಮೊಕಾಸಿನ್ ಫ್ಲಾಟ್ಸ್’ ಕ್ಯಾಂಪ್ ಇರಲಿ ಎಂದು ಇದೇ ಹಿಂಕ್ಸನ್ ಹೇಳಿದರು. ನವೆಂಬರ್‌ನಲ್ಲಿ ನಗರಸಭೆ ಅಲ್ಲಿನ ಹಲವು ಗುಡಿಸಲುಗಳನ್ನು ಕೆಡವಿತು. ಕೊನೆಗೆ ಕ್ಷಮೆ ಕೇಳಬೇಕಾಯಿತು.

ಅಂದಹಾಗೆ, ‘ಬ್ರಿಟಿಷ್ ಕೊಲಂಬಿಯಾ ಸುಪ್ರೀಂ ಕೋರ್ಟ್’ ಎಂಬ ಹೆಸರು ನೋಡಿ ಇದೇ ಕೊನೇ ಮಾತು ಅಂದುಕೊಳ್ಳಬೇಡಿ. ಅದು ವಿಚಾರಣಾ ಹಂತದ ಕೋರ್ಟ್. ಒಬ್ಬ ವಿಚಾರಣಾ ಜಡ್ಜ್ ಹೇಳಿದ್ದನ್ನು ಇನ್ನೊಬ್ಬರು ಒಪ್ಪಲೇಬೇಕು ಅಂತಿಲ್ಲ. ಕಿಚನರ್ ತೀರ್ಪು ಬಂದು ಎರಡು ವರ್ಷ ತುಂಬುವ ಮೊದಲೇ, 2024ರ ಡಿಸೆಂಬರ್‌ನಲ್ಲಿ, ಅದೇ ಒಂಟಾರಿಯೊದ ಹ್ಯಾಮಿಲ್ಟನ್‌ನಲ್ಲಿ ಟೆಂಟಿನವರು ಸೋತರು.

ಹಂತ 7: 33ನೇ ಕಲಂ ಬಳಕೆಯಾಗಿದೆಯೇ?

7ನೇ ಕಲಮನ್ನು ಬದಿಗಿಟ್ಟು ಕಾನೂನು ಮಾಡಲು ಚಾರ್ಟರ್‌ನ 33ನೇ ಕಲಂ ಪ್ರಾಂತ್ಯಗಳ ಶಾಸನಸಭೆಗಳಿಗೆ ಅವಕಾಶ ಕೊಡುತ್ತದೆ. ಒಂದು ಸಲಕ್ಕೆ 5 ವರ್ಷ, ಬೇಕೆಂದರೆ ಮತ್ತೆ ಮುಂದುವರಿಸಬಹುದು. 2024ರಲ್ಲಿ ಒಂಟಾರಿಯೊದ ಕೆಲವು ಮೇಯರ್‌ಗಳು ಟೆಂಟ್ ತೆರವಿಗಾಗಿ ಇದನ್ನೇ ಬಳಸಿ ಎಂದು ತಮ್ಮ ಪ್ರಾಂತ್ಯ ಸರ್ಕಾರದ ಮುಖ್ಯಸ್ಥರಾದ ಪ್ರೀಮಿಯರ್‌ಗೆ ಪತ್ರ ಬರೆದರು. ಒಂದು ಕಾನೂನಿನಲ್ಲಿ ಈ ಕಲಂ ಹೆಸರಿಸಿದ್ದರೆ ಮೂರನೇ ಹಂತದ ಹಾಸಿಗೆ ಲೆಕ್ಕಕ್ಕೆ ಕೋರ್ಟಿನಲ್ಲಿ ಬಲವೇ ಉಳಿಯದೆ ಹೋಗಬಹುದು. ಆದ್ದರಿಂದ ತೀರ್ಪು ಯಾವ ಕಾನೂನಿನ ಮೇಲೆ ನಿಂತಿದೆ ಎಂಬುದನ್ನೂ ಒಮ್ಮೆ ತೆಗೆದು ನೋಡಿ.