ಬೈಂಡಿಂಗ್ ಮೇಜಿನ ಮುಂದೆ ಪ್ರಾರ್ಥನೆ

ಗದಗಿನಲ್ಲಿ ಮುದ್ರಣಾಲಯಗಳಿಗೆ ಬರವಿಲ್ಲ. ಅಂಥದೊಂದರಲ್ಲಿ ನಾನು ಬೈಂಡಿಂಗ್ ಕೆಲಸ ಮಾಡುತ್ತೇನೆ, ಮನೆ ಬೆಟಗೇರಿಯಲ್ಲಿ. 1841ರಲ್ಲಿ ಬಾಸೆಲ್ ಮಿಷನ್ ಇಲ್ಲಿ ನೆಲೆಯೂರಿದ ಮೇಲೆ ಬೆಳೆದ ಕ್ರೈಸ್ತ ಸಭೆ ನಮ್ಮದು. ರಾತ್ರಿಯ ಕುಟುಂಬ ಪ್ರಾರ್ಥನೆ ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ತಪ್ಪಿಲ್ಲ. ಆದರೆ ಬೈಬಲಿನಲ್ಲಿ ಅಪೊಸ್ತಲ ಪೌಲನು ಥೆಸಲೊನೀಕದ ಸಭೆಯವರಿಗೆ ಬರೆದದ್ದು ಎಡೆಬಿಡದೆ ಪ್ರಾರ್ಥಿಸಿರಿ ಎಂದು. ರಾತ್ರಿಯ ಅರ್ಧ ಗಂಟೆ ಕಳೆದರೆ ಮಿಕ್ಕ ಹೊತ್ತಿನ ಗತಿ ಏನು? ಮೊಬೈಲಿನಲ್ಲಿ ಗಂಟೆಗೊಮ್ಮೆ ಅಲಾರಾಂ ಇಟ್ಟುಕೊಳ್ಳಿ ಎಂದು ಹಲವರು ಹೇಳುತ್ತಾರೆ. ನನಗೆ ಅದು ಒಗ್ಗದು. ಕಟಿಂಗ್ ಯಂತ್ರದ ಅಲಗಿನ ಕೆಳಗೆ ಕಾಗದ ಸರಿಪಡಿಸುತ್ತಿರುವಾಗ ಜೇಬು ಹೊಡೆದುಕೊಂಡರೆ ದೇವರಿಗಿಂತ ಮೊದಲು ಬೆರಳುಗಳ ನೆನಪಾಗುತ್ತದೆ.

ಹಾಗಾಗಿ ಪ್ರಾರ್ಥನೆಗೆಂದು ಬೇರೆ ಹೊತ್ತು ಹುಡುಕುವುದನ್ನು ಬಿಟ್ಟು, ಕೈಗೆ ಬಂದ ಕೆಲಸಕ್ಕೇ ಅದನ್ನು ಗಂಟು ಹಾಕಿದೆ. ತುಳಸಿ ಲಗ್ನ ಮುಗಿಯಿತೆಂದರೆ ಲಗ್ನಪತ್ರಿಕೆಗಳ ಸುಗ್ಗಿ. ಐನೂರರ ಕಟ್ಟು ಎಂದರೆ ಐನೂರು ಸಲ ಅದೇ ಮಡಿಕೆ: ಅಂಚಿಗೆ ಅಂಚು ಕೂಡಿಸಬೇಕು, ಹೆಬ್ಬೆರಳಿನಿಂದ ತೀಡಬೇಕು, ಎಡಕ್ಕೆ ಸರಿಸಬೇಕು. ಕೈ ತಾನಾಗಿ ನಡೆಯುತ್ತದೆ, ಬಾಯಿ ಖಾಲಿ, ಕಣ್ಣ ಮುಂದೆ ಎರಡು ಹೆಸರು. "ಕರ್ತನೇ, ಇವರ ಮನೆಯಲ್ಲಿ ಸಮಾಧಾನವಿರಲಿ." ಇಷ್ಟೇ. ಪ್ರತಿ ಮಡಿಕೆಗೂ ಹೇಳುವುದಿಲ್ಲ, ಹೇಳಿದರೆ ಅದು ಬರೀ ಎಣಿಕೆಯಾದೀತು. ಕಟ್ಟು ಬಿಚ್ಚಿದಾಗ ಒಮ್ಮೆ, ಮತ್ತೆ ಕಟ್ಟುವಾಗ ಒಮ್ಮೆ. ಪತ್ರಿಕೆಯ ನೆತ್ತಿಯ ಮೇಲೆ ಗಣಪತಿ ಇರಲಿ, ಬಸವಣ್ಣ ಇರಲಿ, ಶಿಲುಬೆ ಇರಲಿ, ಮಾತು ಅದೇ. ಶಿವಗಣಾರಾಧನೆಯ ಕಾರ್ಡು ಬಂದರೆ ಮಾತ್ರ ಬದಲಾಗುತ್ತದೆ. ಕೆಳಗೆ ಅಚ್ಚಾದ ದುಃಖತಪ್ತರ ಹೆಸರುಗಳನ್ನು ಓದಿ, ಆ ಮನೆಯ ಚಿಕ್ಕವರಿಗಾಗಿ ಬೇಡುತ್ತೇನೆ. ಶಾಲೆಯ ರಸೀದಿ ಪುಸ್ತಕ ಹೊಲಿಯುವಾಗ ಏನು ಬೇಡಬೇಕೆಂದು ಬಹಳ ದಿನ ಹೊಳೆದಿರಲಿಲ್ಲ. ಈಗ ಶುಲ್ಕ ಕಟ್ಟುವ ತಂದೆತಾಯಿಗಳನ್ನು ನೆನೆಯುತ್ತೇನೆ.

ಇನ್ನೊಂದನ್ನು ಬೈಬಲಿನ ನೆಹೆಮೀಯನಿಂದ ಕಲಿತೆ; ಅವನು ಪಾರಸಿಯ ಅರಸನ ಪಾನಸೇವಕ. ಅರಸ ಅರ್ತಷಸ್ತನು ನಿನಗೇನು ಬೇಕೆಂದು ಕೇಳಿದಾಗ, ಆ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ಅವನು ಪರಲೋಕದ ದೇವರಿಗೆ ಪ್ರಾರ್ಥಿಸಿದ. ಅರಸನ ಎದುರು ಮೊಣಕಾಲೂರಿ ಕೂರಲು ಎಲ್ಲಿಯ ಪುರುಸೊತ್ತು? ತಾವೇ ಸಹಿ ಹಾಕಿಕೊಟ್ಟ ಪ್ರೂಫನ್ನು ಮರೆತ ಗ್ರಾಹಕರು "ಬೀಗರ ಹೆಸರೇ ಬಿಟ್ಟುಹೋಗಿದೆ" ಎಂದು ಎಗರಾಡುವಾಗ ನನಗೆ ಸಿಗುವುದೂ ಅಷ್ಟೇ ಹೊತ್ತು. "ನಾಲಿಗೆ ಕಾಯಿ, ತಂದೆಯೇ" ಎಂದುಕೊಂಡು ಬಾಯಿ ತೆರೆಯುತ್ತೇನೆ. ಎಲ್ಲ ಸಲವೂ ನಾಲಿಗೆ ಹದ್ದುಬಸ್ತಿನಲ್ಲಿರುತ್ತದೆ ಎಂದೇನಲ್ಲ.

ಬೆಳಿಗ್ಗೆ ಹೊರಡುವ ಮೊದಲು ಬೈಬಲಿನ ಕೀರ್ತನೆಗಳಲ್ಲಿ ಒಂದನ್ನು ಓದುತ್ತೇನೆ. 117ನೆಯದರಲ್ಲಿ ಎರಡೇ ವಚನ, ಚಹಾ ಆರುವಷ್ಟರಲ್ಲಿ ಮುಗಿಯುತ್ತದೆ. 119ನೆಯದರಲ್ಲಿ 176, ಅದು ಎಂಟೆಂಟು ವಚನಗಳ 22 ಭಾಗಗಳಾಗಿಯೇ ಇರುವುದರಿಂದ ದಿನಕ್ಕೊಂದು ಭಾಗ. ಓದಿದ್ದರಲ್ಲಿ ಒಂದು ಸಾಲನ್ನು ಸೈಕಲ್ ತುಳಿಯುತ್ತ ಮುಳಗುಂದ ನಾಕಾದವರೆಗೂ ಹೇಳಿಕೊಳ್ಳುತ್ತೇನೆ. ನನ್ನ ಸ್ವಂತ ಮಾತು ಬತ್ತಿದ ದಿನ 13ನೆಯ ಕೀರ್ತನೆಗೆ ಹೋಗುತ್ತೇನೆ. ಇನ್ನೆಷ್ಟರವರೆಗೆ ಎಂದು ದಾವೀದನು ಅಲ್ಲಿ ದೇವರನ್ನೇ ಮತ್ತೆ ಮತ್ತೆ ಕೇಳುತ್ತಾನೆ. ನಮ್ಮ ಸಭೆಯ ಪ್ರಾರ್ಥನಾ ಕೂಟಗಳಲ್ಲಿ ಇಂಥ ನೇರ ಮಾತು ಕಡಿಮೆ, ವಿಶೇಷಣಗಳೇ ಹೆಚ್ಚು.

ರಾತ್ರಿಯ ಪ್ರಾರ್ಥನೆಗೆ ಕಟಿಂಗ್ ಯಂತ್ರದಿಂದ ಉದುರಿದ ಉದ್ದನೆಯ ಕಾಗದದ ಚೂರು ತರುತ್ತೇನೆ. ಸಭೆಯವರು, ನೆರೆಯವರು, ಆಸ್ಪತ್ರೆಯಲ್ಲಿರುವ ಪರಿಚಿತರು, ಹೀಗೆ ಹೆಸರು ಬರೆದು ಬೈಬಲಿನೊಳಗೆ ಇಡುತ್ತೇನೆ. ಮಕ್ಕಳು ಒಂದೊಂದು ಹೆಸರು ಆರಿಸಿಕೊಂಡು ಪ್ರಾರ್ಥಿಸುತ್ತಾರೆ. ಗುಣವಾದವರ ಹೆಸರಿನ ಮೇಲೆ ಗೀಟೆಳೆಯುವ ಅಧಿಕಾರ ಕಿರಿಯವಳದು. ಒಮ್ಮೆ ಅವಳು ಗೀಟೆಳೆದ ಮೇಲೆ ಎದುರು ಮನೆಯ ಅಜ್ಜಿಗೆ ಜ್ವರ ಮರುಕಳಿಸಿತು. ಅಂದಿನಿಂದ ಗೀಟು ಭಾನುವಾರದಂದೇ, ಅದೂ ಅಜ್ಜಿಯ ಮನೆಗೆ ಹೋಗಿ ವಿಚಾರಿಸಿ ಬಂದ ಮೇಲೆ.